ಬೊಂಗೊ ಕೊಳ್ಳುವಾಗ ಮರಕ್ಕಿಂತ ಮೊದಲು ಕಬ್ಬಿಣವನ್ನು ನೋಡಿ

ಪ್ರಶ್ನೆ: ನನ್ನ ಮಗಳಿಗೆ ಹದಿನಾಲ್ಕು ವರ್ಷ. ಎರಡು ವರ್ಷ ತಬಲಾ ಕಲಿತಿದ್ದಾಳೆ. ಈಗ ಶಾಲೆಯ ಭಾವಗೀತೆ ತಂಡದಲ್ಲಿ ಬೊಂಗೊ ಎಂಬ ಜೋಡಿ ಡೋಲನ್ನು ನುಡಿಸುವ ಅವಕಾಶ ಸಿಕ್ಕಿದೆ. ಅಂಗಡಿಯಲ್ಲಿ ಎರಡು ಜೋಡಿಗಳನ್ನು ನೋಡಿ ಬಂದೆವು. ಒಂದು ಶೀಶಂ ಮರದ್ದು, 6 ಮತ್ತು 7 ಇಂಚಿನದು, ಕೆತ್ತನೆಯಿದ್ದು ಕನ್ನಡಿಯಂತೆ ಹೊಳೆಯುತ್ತದೆ, ಬೆಲೆಯೂ ಕಡಿಮೆ. ಇನ್ನೊಂದು ತಿಳಿ ಬಣ್ಣದ ಸಾದಾ ಜೋಡಿ, 7¼ ಮತ್ತು 8⅝ ಇಂಚಿನದು, ಚೀಟಿಯಲ್ಲಿ ‘ಸಯಾಮ್ ಓಕ್’ ಎಂದಿದೆ, ಬೆಲೆ ಹೆಚ್ಚು. ಯಾವುದನ್ನು ಕೊಳ್ಳಬೇಕು? ಚರ್ಮದ್ದು ಒಳ್ಳೆಯದೋ ಪ್ಲಾಸ್ಟಿಕ್ ಮುಚ್ಚಿಗೆಯದೋ? ನಮ್ಮದು ಉಡುಪಿ ಜಿಲ್ಲೆಯ ಕಡಲ ಬದಿಯ ಊರು. ಮಳೆಗಾಲದಲ್ಲಿ ಇದನ್ನು ಹೇಗೆ ಕಾಪಾಡಿಕೊಳ್ಳಬೇಕು?

ಉತ್ತರ: ಎರಡನೆಯದನ್ನು ಕೊಳ್ಳಿ. ಹಣ ಸ್ವಲ್ಪ ಕಡಿಮೆ ಬಿದ್ದರೆ ಎರಡು ತಿಂಗಳು ಕಾದಾದರೂ ಅದನ್ನೇ ಕೊಳ್ಳಿ. ಹೀಗೆ ಖಚಿತವಾಗಿ ಹೇಳುವುದಕ್ಕೆ ಕಾರಣ ಮರವಲ್ಲ, ಬ್ರಾಂಡಿನ ಹೆಸರೂ ಅಲ್ಲ. ನೀವು ಬರೆದಿರುವ ಆ ಎರಡು ಅಳತೆಗಳು, ಮತ್ತು ಅಂತಹ ಜೋಡಿಗಳಿಗೆ ಸಾಮಾನ್ಯವಾಗಿ ಹಾಕಿರುವ ಕಬ್ಬಿಣದ ಸಾಮಾನು. ಬೊಂಗೊ ಕೊಳ್ಳಲು ಹೋದವರ ಕಣ್ಣು ಮೊದಲು ಮರದ ಹೊಳಪಿನ ಮೇಲೆ ಬೀಳುತ್ತದೆ, ಆಮೇಲೆ ಚರ್ಮದ ಮೇಲೆ. ಚರ್ಮವನ್ನು ಒತ್ತಿ ಹಿಡಿಯುವ ರಿಮ್ಮು, ಬೋಲ್ಟು, ನಟ್ಟುಗಳನ್ನು ಯಾರೂ ಕೇಳುವುದಿಲ್ಲ. ಆದರೆ ನನ್ನ ಬಳಿಗೆ ದುರಸ್ತಿಗೆಂದು ಬರುವ ಬೊಂಗೊಗಳಲ್ಲಿ ಮರ ಕೆಟ್ಟು ಬಂದವು ಬಹಳ ಕಡಿಮೆ. ರಿಮ್ಮು ಸೊಟ್ಟಗಾದದ್ದು, ಬೋಲ್ಟಿನ ಮರೆ (ಸುರುಳಿ ಗೆರೆ) ಸವೆದದ್ದು, ಅತಿಯಾಗಿ ಬಿಗಿದು ಚರ್ಮ ಸೀಳಿದ್ದು, ಇವೇ ಹೆಚ್ಚು.

ಈ ಕಬ್ಬಿಣಕ್ಕೆ ಅಷ್ಟು ಮಹತ್ವ ಏಕೆ ಬಂತೆಂಬುದು ವಾದ್ಯದ ಹಿನ್ನೆಲೆ ತಿಳಿದರೆ ಅರ್ಥವಾಗುತ್ತದೆ. ಬೊಂಗೊ ಕ್ಯೂಬಾದ ಪೂರ್ವ ಭಾಗದಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ, ಆಫ್ರಿಕನ್ ಮೂಲದ ಜನರ ನಡುವೆ ರೂಪುಗೊಂಡ ವಾದ್ಯ. ಚಂಗುಯಿ ಮತ್ತು ಸೊನ್ ಎಂಬ ಗಾಯನ ಪ್ರಕಾರಗಳ ಜೊತೆಯಲ್ಲಿ ಅದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹವಾನಾಕ್ಕೆ ಬಂತು. ಜೋಡಿಯಲ್ಲಿ ದೊಡ್ಡದಕ್ಕೆ ಎಂಬ್ರಾ, ಅಂದರೆ ಹೆಣ್ಣು, ಚಿಕ್ಕದಕ್ಕೆ ಮಾಚೊ, ಅಂದರೆ ಗಂಡು ಎಂದು ಹೆಸರು; ಎತ್ತರದ ಶ್ರುತಿ ಗಂಡಿನದು ಎಂಬುದು ನಮ್ಮ ಕಿವಿಗೆ ಸ್ವಲ್ಪ ವಿಚಿತ್ರವಾಗಿ ಕೇಳಬಹುದು. ಆ ದಿನಗಳಲ್ಲಿ ಚರ್ಮವನ್ನು ಮರದ ಒಡಲಿಗೆ ಮೊಳೆ ಹೊಡೆದು ಕೂರಿಸುತ್ತಿದ್ದರು. ಬಿಗಿ ಮಾಡಲು ಬೇರೆ ದಾರಿಯೇ ಇಲ್ಲದ್ದರಿಂದ ನುಡಿಸುವ ಮೊದಲು ಚರ್ಮವನ್ನು ದೀಪದ ಅಥವಾ ಮೇಣದ ಬತ್ತಿಯ ಉರಿಗೆ ಹಿಡಿದು ಕಾಯಿಸುತ್ತಿದ್ದರು. ಹುಲ್ಲಿನ ಬೆಂಕಿಗೆ ತಮಟೆ ಕಾಯಿಸುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತತ್ವ ಒಂದೇ, ಚರ್ಮದೊಳಗಿನ ತೇವ ಹೋದರೆ ಅದು ಕುಗ್ಗಿ ಬಿಗಿಯಾಗುತ್ತದೆ. ಮೊಳೆಯ ಜಾಗಕ್ಕೆ ಬೋಲ್ಟು ಬಂದ ಮೇಲೆ ಬೆಂಕಿಯ ಕೆಲಸವನ್ನು ಕಬ್ಬಿಣ ವಹಿಸಿಕೊಂಡಿತು. 1960ರ ದಶಕದ ಆರಂಭದಲ್ಲಿ ಅಮೆರಿಕವು ಕ್ಯೂಬಾದ ಮೇಲೆ ವ್ಯಾಪಾರ ನಿರ್ಬಂಧ ಹೇರಿದಾಗ ಅಮೆರಿಕದ ವಾದಕರಿಗೆ ಕ್ಯೂಬಾದ ಬೊಂಗೊ ಸಿಗದಂತಾಯಿತು. ಆ ಕೊರತೆಯನ್ನು ತುಂಬಲು ಹೊರಟ ಮಾರ್ಟಿನ್ ಕೋಹೆನ್ ಎಂಬ ಎಂಜಿನಿಯರ್ 1964ರಲ್ಲಿ ನ್ಯೂಯಾರ್ಕ್‌ನಲ್ಲಿ ಲ್ಯಾಟಿನ್ ಪರ್ಕಷನ್ ಎಂಬ ಕಂಪನಿಯನ್ನು ಕಟ್ಟಿದರು. ಇಂದು ಅಂಗಡಿಗಳಲ್ಲಿ ಕಾಣುವ ದಪ್ಪ ರಿಮ್ಮಿನ, ಸ್ಪ್ಯಾನರಿನಿಂದ ಶ್ರುತಿ ಮಾಡುವ ಬೊಂಗೊ ಹೀಗೆ ಕಾರ್ಖಾನೆಗಳಲ್ಲಿ ತಯಾರಾಗಿ ಲೋಕಕ್ಕೆಲ್ಲ ಹರಡಿದ ವಾದ್ಯ.

ಈಗ ಅಂಗಡಿಗೆ ಮರಳೋಣ. ಎರಡೂ ಜೋಡಿಗಳನ್ನು ಬೋರಲಾಗಿ ಮೇಜಿನ ಮೇಲಿಡಿಸಿ ಕೆಳಭಾಗವನ್ನು ನೋಡಿ. ಒಳ್ಳೆಯ ಬೊಂಗೊದಲ್ಲಿ ಮೇಲಿನ ರಿಮ್ಮಿನ ಕಿವಿಗಳಿಂದ ಇಳಿದ ಬೋಲ್ಟುಗಳು ಮರವನ್ನು ಎಲ್ಲಿಯೂ ಕೊರೆಯದೆ, ಹೊರಗಿನಿಂದಲೇ ಬಂದು ತಳದ ಉಕ್ಕಿನ ಬಳೆಯನ್ನು ಹಿಡಿದಿರುತ್ತವೆ. ನೀವು ನಟ್ಟು ತಿರುಗಿಸಿದಾಗ ಮೇಲಿನ ರಿಮ್ಮು ಕೆಳಕ್ಕೂ ತಳದ ಬಳೆ ಮೇಲಕ್ಕೂ ಸೆಳೆಯಲ್ಪಡುತ್ತವೆ. ಎರಡರ ನಡುವೆ ಮರ ಸುಮ್ಮನೆ ಒತ್ತಿಸಿಕೊಂಡು ನಿಂತಿರುತ್ತದೆ. ಆದ್ದರಿಂದ ಎರಡೂ ಬಳೆಗಳು ದಪ್ಪವಾಗಿರಬೇಕು. ಹೆಬ್ಬೆರಳು ಮತ್ತು ತೋರುಬೆರಳಿನಿಂದ ಒತ್ತಿ ಹಿಡಿದರೆ ಬಾಗುವಂತೆ ತೋರುವ ತೆಳು ತಗಡಿನ ಬಳೆಯಾಗಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ಕಿವಿಗಳಿರುವ ಕಡೆ ಅದು ಕ್ರಮೇಣ ತಗ್ಗಿ, ಬದಿಯಿಂದ ನೋಡಿದರೆ ಅಲೆಯಂತೆ ಏರಿಳಿಯುತ್ತದೆ, ಆಮೇಲೆ ಎಷ್ಟು ಜಾಣತನದಿಂದ ಶ್ರುತಿ ಮಾಡಿದರೂ ಚರ್ಮದ ಎಲ್ಲ ಭಾಗಕ್ಕೂ ಒಂದೇ ಬಿಗಿ ಬರುವುದಿಲ್ಲ. ಪ್ರತಿ ಡೋಲಿಗೆ ನಾಲ್ಕು ಬೋಲ್ಟು ಇದ್ದರೆ ಸಾಕು. ಅಂಗಡಿಯವರ ಅನುಮತಿ ಪಡೆದು ಒಂದು ನಟ್ಟನ್ನು ಅರ್ಧ ಸುತ್ತು ಸಡಿಲಿಸಿ ಮತ್ತೆ ಬಿಗಿ ಮಾಡಿ ನೋಡಿ. ಬೆಣ್ಣೆಯಲ್ಲಿ ಓಡಿದಂತೆ ಓಡಬೇಕು. ಕಿರುಗುಟ್ಟಿದರೆ, ಅಥವಾ ಒಂದು ಕಡೆ ಬಿಗಿ ಒಂದು ಕಡೆ ಸಡಿಲ ಅನ್ನಿಸಿದರೆ ಮರೆ ಸರಿಯಿಲ್ಲ.

ಇನ್ನೊಂದು ವಿಷಯವನ್ನು ಅವಶ್ಯವಾಗಿ ಗಮನಿಸಬೇಕು. ಹೊಸ ವಾದ್ಯದಲ್ಲಿ ರಿಮ್ಮಿನ ಮೇಲಂಚು ಚರ್ಮದ ಮಟ್ಟಕ್ಕಿಂತ ಸ್ವಲ್ಪವೇ ಕೆಳಗಿರಬೇಕು, ಮತ್ತು ಬೋಲ್ಟಿನಲ್ಲಿ ಮುಂದೆ ಬಿಗಿ ಮಾಡಲು ಸಾಕಷ್ಟು ಮರೆ ಉಳಿದಿರಬೇಕು. ಚರ್ಮ ಬಳಕೆಯಲ್ಲಿ ಹಿಗ್ಗುತ್ತದೆ, ಹಿಗ್ಗಿದಂತೆ ರಿಮ್ಮು ಕೆಳಗಿಳಿಯುತ್ತದೆ. ಅಂಗಡಿಯಲ್ಲಿಯೇ ರಿಮ್ಮು ಬಹಳ ಕೆಳಗಿಳಿದು ಕೂತಿದ್ದರೆ ನೀವು ಕೊಳ್ಳುತ್ತಿರುವುದು ಅರ್ಧ ಆಯುಷ್ಯ ಮುಗಿದ ಚರ್ಮವನ್ನು. ಹಾಗೆಯೇ ರಿಮ್ಮು ಚರ್ಮಕ್ಕಿಂತ ಮೇಲೆದ್ದಿದ್ದರೆ ಬೆರಳಿನ ಬುಡ ಪ್ರತಿ ಪೆಟ್ಟಿಗೂ ಕಬ್ಬಿಣಕ್ಕೆ ತಾಗುತ್ತದೆ. ವಾರದಲ್ಲಿ ಮಗು ವಾದ್ಯವನ್ನೇ ದ್ವೇಷಿಸಲು ತೊಡಗುತ್ತದೆ. ಒಳಕ್ಕೆ ದುಂಡಾಗಿ ಬಾಗಿಸಿದ ಅಂಚಿನ ರಿಮ್ಮು ಸಿಕ್ಕಿದರೆ ಅದಕ್ಕೆ ಇನ್ನಷ್ಟು ಹಣ ಕೊಡಬಹುದು.

ಮರದ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ‘ಸಯಾಮ್ ಓಕ್’ ಎಂಬುದು ಓಕ್ ಮರವೇ ಅಲ್ಲ. ಅದು ವ್ಯಾಪಾರಕ್ಕಾಗಿ ಇಟ್ಟ ಹೆಸರು. ಒಳಗಿರುವುದು ರಬ್ಬರ್ ಮರ. ಸುಳ್ಯ, ಪುತ್ತೂರಿನ ಕಡೆ ತೋಟಗಳಲ್ಲಿ ಬೆಳಗಿನ ಜಾವ ಹಾಲು ಇಳಿಸುವ ಅದೇ ಮರವು ಥಾಯ್ಲೆಂಡಿನಲ್ಲಿ ಇಪ್ಪತ್ತೈದು ಮೂವತ್ತು ವರ್ಷ ಹಾಲು ಕೊಟ್ಟು ಮುದಿಯಾದ ಮೇಲೆ ಉರುಳಿ, ಒಲೆಯ ಕಾವಿನಲ್ಲಿ ಒಣಗಿ, ಬೊಂಗೊ ಆಗಿ ಬರುತ್ತದೆ. ಹೆಸರು ಕೇಳಿ ಮೋಸವೆಂದು ತಿಳಿಯಬೇಕಾಗಿಲ್ಲ. ಚೆನ್ನಾಗಿ ಒಣಗಿಸಿ, ಹುಳು ಹಿಡಿಯದಂತೆ ಸಂಸ್ಕರಿಸಿದ ರಬ್ಬರ್ ಮರ ಗಟ್ಟಿಯಾಗಿಯೂ ಸಮವಾಗಿಯೂ ಇರುತ್ತದೆ. ಸಂಸ್ಕರಿಸದಿದ್ದರೆ ಕುಟ್ಟೆ ಹಿಡಿದು ಪುಡಿಯಾಗುವ ಮರವೂ ಅದೇ. ನಮ್ಮ ಬೀಟೆಯ ದಾಯಾದಿಯಾದ ಶೀಶಂ ಮರವಾಗಿ ಇದಕ್ಕಿಂತ ಮೇಲಿನದು ಎಂಬುದನ್ನೂ ಒಪ್ಪುತ್ತೇನೆ. ಆದರೆ ಮೇಲಾದ ಮರಕ್ಕೆ ಕೀಳಾದ ತಗಡು ಸುತ್ತಿದ ವಾದ್ಯಕ್ಕಿಂತ ಸಾಧಾರಣ ಮರಕ್ಕೆ ಒಳ್ಳೆಯ ಉಕ್ಕು ಸುತ್ತಿದ್ದೇ ಹೆಚ್ಚು ಕಾಲ ಬಾಳುತ್ತದೆ. ಮರದಲ್ಲಿ ನೋಡಬೇಕಾದದ್ದು ಒಳಗಡೆ: ಮೊಬೈಲಿನ ಟಾರ್ಚು ಹಾಕಿ, ಪಟ್ಟಿಗಳನ್ನು ಅಂಟಿಸಿದ ಜೋಡಣೆಗಳಲ್ಲಿ ಬಿರುಕು ಇದೆಯೇ, ಎರಡು ಡೋಲುಗಳನ್ನು ಕೂಡಿಸುವ ನಡುವಿನ ಮರದ ತುಂಡಿನ ಬೋಲ್ಟುಗಳಿಗೆ ಒಳಗಡೆ ಅಗಲವಾದ ವಾಷರು ಹಾಕಿದ್ದಾರೆಯೇ ನೋಡಿ. ಒಂದು ಡೋಲನ್ನು ಹಿಡಿದು ಇನ್ನೊಂದನ್ನು ಮೆಲ್ಲನೆ ತಿರುಚಿದಾಗ ಅಲುಗಾಡಬಾರದು. ಮುಚ್ಚಿಗೆ ಕೂರುವ ಮರದ ಅಂಚು ಚರ್ಮದ ಕೆಳಗೆ ಅಡಗಿರುವುದರಿಂದ ಕಾಣುವುದಿಲ್ಲ. ತಳದ ಬಾಯಿಯೊಳಗೆ ಬೆರಳು ಹಾಕಿ ಸವರಿದರೆ ನುಣುಪೋ ತರಕಲೋ ತಿಳಿಯುತ್ತದೆ.

ಅಳತೆಗೆ ನಾನು ಅಷ್ಟು ಒತ್ತು ಕೊಡುವುದು ಮುಂದಿನ ದಿನಗಳನ್ನು ನೆನೆದು. ಚರ್ಮ ಎಂದಾದರೂ ಒಂದು ದಿನ ಹೋಗಲೇಬೇಕು. 7¼ ಮತ್ತು 8⅝ ಇಂಚು ಹಲವು ವರ್ಷಗಳಿಂದ ರೂಢಿಗೆ ಬಂದ ಅಳತೆ. ಅದಕ್ಕೆ ಸಿದ್ಧ ಮುಚ್ಚಿಗೆ, ಚರ್ಮದ್ದಾಗಲಿ ಪ್ಲಾಸ್ಟಿಕ್ಕಿನದಾಗಲಿ, ತರಿಸಿಕೊಳ್ಳಬಹುದು. ಆರಂಭಿಕ ಶ್ರೇಣಿಯ ಜೋಡಿಗಳಲ್ಲಿ ಸಿಗುವ 6¾ ಮತ್ತು 8 ಇಂಚಿನದಕ್ಕೂ ತೊಂದರೆಯಿಲ್ಲ, ಹತ್ತು ವರ್ಷದೊಳಗಿನ ಮಕ್ಕಳಿಗೆ ಅದೇ ಹಿತ. 6 ಮತ್ತು 7 ಇಂಚಿನವು ಬಹುಪಾಲು ಶೋಕೇಸಿನ ವಸ್ತುಗಳು. ಅವುಗಳಿಗೆ ಹೊಂದುವ ಮುಚ್ಚಿಗೆ ಸಿಗುವುದು ಕಷ್ಟ. ಜೊತೆಗೆ ಅಷ್ಟು ಚಿಕ್ಕ ಬಾಯಿಯ ಎಂಬ್ರಾದಿಂದ ಕೆಳಗಿನ ನಾದವನ್ನು ಎಳೆಯಬೇಕಾದರೆ ಚರ್ಮ ಜೋಲು ಬೀಳುವಷ್ಟು ಸಡಿಲಿಸಬೇಕಾಗುತ್ತದೆ. ಹೊಸ ಮುಚ್ಚಿಗೆ ತರಿಸುವಾಗ ಇಂಚನ್ನು ಮಾತ್ರವಲ್ಲದೆ ನಿಮ್ಮ ವಾದ್ಯದ ತಯಾರಕರ ಹೆಸರು ಮತ್ತು ಮಾದರಿಯನ್ನೂ ತಿಳಿಸಿ, ಏಕೆಂದರೆ ಒಂದೇ ಅಳತೆಯಾದರೂ ಮುಚ್ಚಿಗೆಯೊಳಗಿನ ಬಳೆ ಒಬ್ಬರ ರಿಮ್ಮಿಗೆ ಕೂತು ಇನ್ನೊಬ್ಬರದಕ್ಕೆ ಕೂರದಿರುವುದುಂಟು.

ಚರ್ಮವೋ ಪ್ಲಾಸ್ಟಿಕ್ಕೋ ಎಂಬ ಪ್ರಶ್ನೆಗೆ ಕಡಲ ಬದಿಯವರೆಂಬ ಕಾರಣಕ್ಕೆ ನಾನು ಪ್ಲಾಸ್ಟಿಕ್ ಎನ್ನುತ್ತೇನೆಂದು ನೀವು ನಿರೀಕ್ಷಿಸಿರಬಹುದು. ಪ್ಲಾಸ್ಟಿಕ್ ಮುಚ್ಚಿಗೆಗೆ ತೇವ ತಾಗುವುದಿಲ್ಲ, ಜುಲೈ ತಿಂಗಳ ಜಡಿಮಳೆಯಲ್ಲಿಯೂ ಶ್ರುತಿ ನಿಲ್ಲುತ್ತದೆ, ಇಲಿ ಮುಟ್ಟುವುದಿಲ್ಲ, ದೊಡ್ಡ ವೇದಿಕೆಯಲ್ಲಿ ದನಿ ಸೀಳಿಕೊಂಡು ಹೋಗುತ್ತದೆ. ಆದರೂ ಕಲಿಯುವ ಕೈಗೆ ಮೊದಲ ಎರಡು ವರ್ಷ ಚರ್ಮವೇ ಇರಲಿ ಎಂಬುದು ನನ್ನ ಅಭಿಪ್ರಾಯ. ಬೆರಳ ತುದಿಯ ಪೆಟ್ಟು, ಹೆಬ್ಬೆರಳ ಬದಿಯ ಪೆಟ್ಟು, ತೆರೆದ ಪೆಟ್ಟು, ಇವುಗಳ ನಡುವಿನ ಅಂತರವನ್ನು ಚರ್ಮ ಸ್ಪಷ್ಟವಾಗಿ ತೋರಿಸುತ್ತದೆ. ಪ್ಲಾಸ್ಟಿಕ್ ಎಲ್ಲವನ್ನೂ ಒಂದೇ ಬಗೆಯ ಹೊಳಪಿನಲ್ಲಿ ಮುಚ್ಚಿಬಿಡುತ್ತದೆ. ಭಾವಗೀತೆಗೆ ಬೇಕಾದದ್ದೂ ಆ ಮೆದು ದನಿಯೇ. ಮಳೆಗಾಲದ ಕಾರ್ಯಕ್ರಮಗಳೇ ಹೆಚ್ಚಾದರೆ ಮುಂದೆ ಮಾಚೊಗೆ ಮಾತ್ರ ಪ್ಲಾಸ್ಟಿಕ್ ಹಾಕಿಸಿ ಎಂಬ್ರಾಕ್ಕೆ ಚರ್ಮವನ್ನೇ ಉಳಿಸಿಕೊಳ್ಳಬಹುದು. ಹೀಗೆ ಬೆರಕೆ ಮಾಡಿ ನುಡಿಸುವ ವಾದಕರಿದ್ದಾರೆ, ಬಿಗಿಯ ಏರುಪೇರು ಹೆಚ್ಚು ಕಾಡುವುದು ಮಾಚೊವನ್ನೇ ಆದ್ದರಿಂದ ಇದು ಒಪ್ಪತಕ್ಕ ಉಪಾಯ. ಅಂಗಡಿಯಲ್ಲಿ ಚರ್ಮವನ್ನು ಬೆಳಕಿಗೆ ಎದುರಾಗಿ ಹಿಡಿದು ಒಳಗಡೆಯಿಂದ ನೋಡಿದರೆ ದಪ್ಪ ತೆಳುವಿನ ವ್ಯತ್ಯಾಸ, ಕತ್ತಿ ತಾಗಿದ ಗೀರು, ಸಣ್ಣ ತೂತುಗಳು ಕಾಣುತ್ತವೆ. ಬಣ್ಣ ಒಂದೇ ಸಮ ಇರಬೇಕೆಂದಿಲ್ಲ. ಮೈಮೇಲಿನ ಮಚ್ಚೆಯಿಂದ ನಾದಕ್ಕೆ ಕುಂದಿಲ್ಲ.

ಮನೆಗೆ ತಂದ ದಿನವೇ ಮಾಚೊವನ್ನು ಆಕಾಶಕ್ಕೇರಿಸುವ ಆಸೆ ಎಲ್ಲರಿಗೂ ಬರುತ್ತದೆ. ದಯವಿಟ್ಟು ತಡೆಯಿರಿ. ಹೊಸ ಚರ್ಮಕ್ಕೆ ಎರಡು ಮೂರು ವಾರ ಬೇಕು. ದಿನವೂ ಸ್ವಲ್ಪ ನುಡಿಸಿ, ಮರುದಿನ ಕಾಲು ಸುತ್ತು ಬಿಗಿ ಮಾಡಿ, ಮತ್ತೆ ನುಡಿಸಿ, ಹೀಗೆ ಅದು ತಾನಾಗಿ ಹದಕ್ಕೆ ಬರಲಿ. ಶ್ರುತಿ ಮಾಡುವ ಕ್ರಮವೂ ಸರಳ. ನಾಲ್ಕೂ ನಟ್ಟುಗಳನ್ನು ಮೊದಲು ಬೆರಳಿನಿಂದಲೇ ಎಷ್ಟು ಹೋಗುತ್ತವೋ ಅಷ್ಟು ಬಿಗಿ ಮಾಡಿ, ಅನಂತರ ಸ್ಪ್ಯಾನರ್ ಹಿಡಿದು ಒಂದೊಂದಕ್ಕೆ ಕಾಲು ಸುತ್ತಿಗಿಂತ ಹೆಚ್ಚಿಲ್ಲದಂತೆ ಸುತ್ತಲೂ ಬನ್ನಿ. ಪ್ರತಿ ಸುತ್ತಿನ ಬಳಿಕ ರಿಮ್ಮಿನಿಂದ ಒಂದು ಇಂಚು ಒಳಗೆ, ಪ್ರತಿ ಬೋಲ್ಟಿನ ಎದುರು ತೋರುಬೆರಳಿನಿಂದ ತಟ್ಟಿ ಕೇಳಿ. ದನಿ ಎಲ್ಲಿ ತಗ್ಗಿದೆಯೋ ಅಲ್ಲಿಯ ನಟ್ಟಿಗೆ ಮಾತ್ರ ಚೂರು ಹೆಚ್ಚು ಕೊಡಿ. ತಬಲಾದ ಮರದ ಗಟ್ಟಿಗಳನ್ನು ಸುತ್ತಿಗೆಯಿಂದ ತಟ್ಟಿ ಅಂಚಿನ ಸುತ್ತ ಭಾಗ ಭಾಗಕ್ಕೂ ಶ್ರುತಿ ಕೂಡಿಸಿದ ಅಭ್ಯಾಸ ನಿಮ್ಮ ಮಗಳಿಗಿರುವುದರಿಂದ ಈ ಕೆಲಸದಲ್ಲಿ ಅವಳ ಕಿವಿ ನಿಮ್ಮದಕ್ಕಿಂತ ಚುರುಕಾಗಿರುತ್ತದೆ. ದೊಡ್ಡವರೂ ಎಡವುವ ಒಂದು ಜಾಗವಿದೆ. ನಟ್ಟುಗಳು ತಳದಲ್ಲಿವೆ. ವಾದ್ಯವನ್ನು ಬೋರಲು ಮಾಡಿ ನಟ್ಟಿನ ಕಡೆಯಿಂದ ನೋಡುತ್ತ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಗಿ; ಅದನ್ನೇ ನೆಟ್ಟಗೆ ಹಿಡಿದು ಮೇಲಿನಿಂದ ನೋಡಿದರೆ ದಿಕ್ಕು ತಿರುವುಮುರುವಾಗಿ ಕಾಣುತ್ತದೆ. ವೇದಿಕೆಯ ಗಡಿಬಿಡಿಯಲ್ಲಿ ಸಡಿಲಿಸಲು ಹೋಗಿ ಬಿಗಿ ಮಾಡಿದವರನ್ನು ನಾನೇ ಕಂಡಿದ್ದೇನೆ.

ಎಷ್ಟು ಬಿಗಿ ಸಾಕು? ಒಂದೇ ದಪ್ಪದ ಚರ್ಮವನ್ನು ಒಂದೇ ಬಿಗಿಯಲ್ಲಿ ಎರಡಕ್ಕೂ ಕೂರಿಸಿದರೆ, 7¼ ಇಂಚಿನದು 8⅝ ಇಂಚಿನದಕ್ಕಿಂತ ಸುಮಾರು ಕೋಮಲ ಗಾಂಧಾರದಷ್ಟು ಮೇಲೆ ನುಡಿಯುತ್ತದೆ, ಎಂಬ್ರಾ ಷಡ್ಜವೆಂದಿಟ್ಟುಕೊಳ್ಳಿ. ಇಷ್ಟು ಬರಿಯ ಅಳತೆಯಿಂದ ಸಿಗುವ ಅಂತರ. ಅಲ್ಲಿಂದ ಮೇಲಕ್ಕೆ ಹೋಗಲು ಬಿಗಿಯನ್ನೇ ಏರಿಸಬೇಕು, ಮತ್ತು ಬಿಗಿಯ ಲೆಕ್ಕ ಬಹಳ ದುಬಾರಿ: ಶ್ರುತಿ ಎರಡು ಪಟ್ಟಾಗಬೇಕಾದರೆ ಬಿಗಿ ನಾಲ್ಕು ಪಟ್ಟಾಗಬೇಕು. ಮಾಚೊವನ್ನು ಮಧ್ಯಮಕ್ಕೆ ತರಲು ಎಂಬ್ರಾಕ್ಕಿಂತ ಕಾಲು ಭಾಗ ಹೆಚ್ಚು ಬಿಗಿ ಸಾಕು. ಪಂಚಮಕ್ಕೆ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು ಬೇಕು. ಮೇಲಿನ ಷಡ್ಜಕ್ಕೆ ಹೋದಿರೋ, ಸುಮಾರು 2.8 ಪಟ್ಟು. ಕ್ಯೂಬಾದ ಸಂಗೀತವನ್ನು ನುಡಿಸುವ ಪಳಗಿದ ವಾದಕರು ಮಾಚೊವನ್ನು ಗಾಜಿಗೆ ಉಗುರು ತಾಗಿದಂತೆ ಕೇಳುವಷ್ಟು ಏರಿಸುತ್ತಾರೆ. ಅವರ ವಾದ್ಯ, ಚರ್ಮ, ಕೈ ಎಲ್ಲವೂ ಅದಕ್ಕೆ ಸಿದ್ಧವಾದವು. ನಿಮ್ಮ ಮಗಳಿಗೆ ಮಧ್ಯಮ ಪಂಚಮಗಳ ನಡುವೆ ನಿಂತರೆ ಬೇಕಾದಷ್ಟಾಯಿತು.

ಹಾರ್ಮೋನಿಯಂನ ಶ್ರುತಿಗೆ ತಬಲಾದಂತೆ ಇದನ್ನು ಕೂಡಿಸಲು ಅವಳು ಹೋಗಬಹುದು. ಆ ಶ್ರಮ ಬೇಡ. ತಬಲಾದ ನಡುವಿನ ಕರಣೆ, ಅಂದರೆ ಕಪ್ಪು ಲೇಪ, ಚರ್ಮದ ಉಪಸ್ವರಗಳನ್ನು (ಮೂಲಸ್ವರದ ಜೊತೆ ಕೇಳುವ ಮೇಲಿನ ಸ್ವರಗಳನ್ನು) ಮೂಲಸ್ವರದ ಪೂರ್ಣ ಪಟ್ಟುಗಳಿಗೆ ಹತ್ತಿರ ತರುತ್ತದೆ ಎಂಬುದನ್ನು ಸಿ.ವಿ. ರಾಮನ್ 1920ರಲ್ಲಿಯೇ ತೋರಿಸಿ, ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ವಿಸ್ತಾರವಾಗಿ ಬರೆದರು. ಬೊಂಗೊದ ಚರ್ಮ ಬೋಳು. ಅಂತಹ ಬೋಳು ಚರ್ಮದ ಉಪಸ್ವರಗಳು ಮೂಲಸ್ವರದ 1.59, 2.14, 2.30 ಪಟ್ಟು ಎಂಬಂತೆ ಅಡ್ಡಾದಿಡ್ಡಿಯಾಗಿ ಬೀಳುವುದರಿಂದ ಕಿವಿಗೆ ನಿಶ್ಚಿತ ಸ್ವರ ನಿಲ್ಲುವುದಿಲ್ಲ. ಎರಡರ ನಡುವಿನ ಅಂತರ ಹಿತವಾಗಿದ್ದರೆ ಹಾಡಿನ ಶ್ರುತಿ ಯಾವುದಾದರೂ ಅದು ಹೊಂದಿಕೊಳ್ಳುತ್ತದೆ.

ಚರ್ಮದ ಬೊಂಗೊ ಇಟ್ಟುಕೊಂಡವರಿಗೆ ನಾನು ಹೇಳುವ ಮುಖ್ಯವಾದ ಮಾತು ಇಷ್ಟೇ: ನುಡಿಸಿ ಮುಗಿದ ಮೇಲೆ ಮಾಚೊವನ್ನು ಸಡಿಲಿಸಿ. ಪ್ರತಿ ನಟ್ಟನ್ನೂ ಸಮವಾಗಿ, ಮುಕ್ಕಾಲಿನಿಂದ ಒಂದು ಸುತ್ತಿನಷ್ಟು ಹಿಂದಕ್ಕೆ ತಿರುಗಿಸಿ, ಎಷ್ಟು ತಿರುಗಿಸಿದಿರೆಂದು ನೆನಪಿಡಿ. ಮರುದಿನ ಅಷ್ಟೇ ಮುಂದಕ್ಕೆ ತಿರುಗಿಸಿದರೆ ಶ್ರುತಿ ಹತ್ತಿರ ಹತ್ತಿರ ಬಂದು ನಿಲ್ಲುತ್ತದೆ. ಎಂಬ್ರಾವನ್ನು ದಿನವೂ ಮುಟ್ಟಬೇಕಾಗಿಲ್ಲ, ವಾರಗಟ್ಟಲೆ ನುಡಿಸದಿದ್ದರೆ ಅಥವಾ ಪ್ರಯಾಣಕ್ಕೆ ಹೊರಟರೆ ಮಾತ್ರ ಸಡಿಲಿಸಿ. ಪೂರ್ತಿ ಕಳಚಿದಂತೆ ಸಡಿಲಿಸುವುದು ಇನ್ನೊಂದು ತಪ್ಪು. ಆಗ ಚರ್ಮ ಒಣಗಿ ಸೊಟ್ಟ ಕೂತು ಮತ್ತೆ ಸಮಕ್ಕೆ ಬರಲು ಕಾಡಿಸುತ್ತದೆ. ಕರಾವಳಿಯವರಿಗೆ ಈ ಎಚ್ಚರಿಕೆ ಇನ್ನೂ ಮುಖ್ಯ, ಏಕೆಂದರೆ ನಿಮ್ಮ ಊರಿನ ಒದ್ದೆ ಗಾಳಿಯಲ್ಲಿ ಚರ್ಮ ಸದಾ ಸ್ವಲ್ಪ ಜೋತಿರುತ್ತದೆ, ಅದನ್ನು ಸರಿದೂಗಿಸಲು ನೀವು ನಟ್ಟನ್ನು ಹೆಚ್ಚು ತಿರುಗಿಸಿರುತ್ತೀರಿ. ಅದೇ ವಾದ್ಯ ಘಟ್ಟ ಹತ್ತಿ ಬಯಲುಸೀಮೆಗೆ ಹೋದರೆ ಗಾಳಿಯ ಒಣತನ ತಾನಾಗಿ ಇನ್ನಷ್ಟು ಬಿಗಿಯುತ್ತದೆ. ನನಗೆ ಈ ಪಾಠ ಕಲಿಸಿದ್ದು ಬಳ್ಳಾರಿಯ ಏಪ್ರಿಲ್ ತಿಂಗಳು. ಮಂಗಳೂರಿನಲ್ಲಿ ಕಾರ್ಯಕ್ರಮ ಮುಗಿಸಿ ಸಡಿಲಿಸದೆಯೇ ಚೀಲಕ್ಕೆ ಹಾಕಿದ ಬೊಂಗೊವನ್ನು ಮರುದಿನ ಮಧ್ಯಾಹ್ನ ಅಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ಬಿಟ್ಟು ಊಟಕ್ಕೆ ಹೋಗಿದ್ದೆ. ಬಂದು ಚೀಲ ತೆರೆದಾಗ ಮಾಚೊದ ಚರ್ಮ ರಿಮ್ಮಿನ ಉದ್ದಕ್ಕೂ ಅರ್ಧಚಂದ್ರಾಕಾರವಾಗಿ ಸೀಳಿತ್ತು, ಕತ್ತರಿ ಹಾಕಿದಷ್ಟು ನೀಟಾಗಿ. ಅಂದು ಸಂಜೆ ಡೋಲಕ್ ಒಂದನ್ನು ಎರವಲು ಪಡೆದು ನುಡಿಸಿದೆ.

ಮಳೆಗಾಲದಲ್ಲಿ ಎದುರು ಸಮಸ್ಯೆ: ಎಷ್ಟು ಬಿಗಿದರೂ ದನಿ ಮಂಕು. ಆಗ ನಟ್ಟಿನ ಮೇಲೆ ಬಲ ಹಾಕುತ್ತ ಹೋಗಬೇಡಿ, ತೇವ ಹೋದೊಡನೆ ಆ ಹೆಚ್ಚಿನ ಬಿಗಿಯೆಲ್ಲ ಚರ್ಮದ ಮೇಲೆ ಬೀಳುತ್ತದೆ. ತಮಟೆಯಂತೆ ಬೆಂಕಿಗೆ ಹಿಡಿಯುವುದೂ, ಗ್ಯಾಸ್ ಒಲೆಯ ಮುಂದೆ ಇಡುವುದೂ ಬೇಡ. ತಮಟೆ ಕಾಯಿಸುವವರ ಕೈಗೆ ಉರಿಯ ಅಳತೆ ಗೊತ್ತಿರುತ್ತದೆ, ಬೊಂಗೊದಲ್ಲಿಯಾದರೋ ಚರ್ಮ ಕುಗ್ಗಲು ಹೊರಟಾಗ ಉಕ್ಕಿನ ಬಳೆ ಚೂರೂ ಬಿಟ್ಟುಕೊಡುವುದಿಲ್ಲ. ನುಡಿಸುವುದಕ್ಕೆ ಒಂದು ಗಂಟೆ ಮೊದಲು ಚೀಲದಿಂದ ತೆಗೆದು ಫ್ಯಾನಿನ ಗಾಳಿ ಬೀಳುವ ಒಣ ಕೋಣೆಯಲ್ಲಿ ಇಟ್ಟು, ಅಂಗೈಯಿಂದ ಚರ್ಮವನ್ನು ಐದು ನಿಮಿಷ ಉಜ್ಜಿದರೆ ಆ ಬಿಸಿಯೇ ಸಾಕಷ್ಟು ಕೆಲಸ ಮಾಡುತ್ತದೆ. ಇಡುವ ಜಾಗದ ವಿಷಯದಲ್ಲಿ ಸಿಮೆಂಟಿನ ನೆಲ, ಹೊರಗೋಡೆಗೆ ತಾಗಿದ ಮೂಲೆ, ಗಾಳಿಯಾಡದ ಪ್ಲಾಸ್ಟಿಕ್ ಚೀಲ, ಈ ಮೂರನ್ನೂ ಬಿಡಿ. ದಪ್ಪ ಬಟ್ಟೆಯ ಚೀಲದಲ್ಲಿ ನಾಲ್ಕೈದು ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿ ಕಪಾಟಿನ ಮೇಲಿನ ಅಂತಸ್ತಿನಲ್ಲಿ ಇಡಿ. ಮೇಲಿನ ಅಂತಸ್ತು ಎಂದದ್ದು ತೇವಕ್ಕಿಂತ ಹೆಚ್ಚಾಗಿ ಇಲಿಗಾಗಿ, ಹಸಿ ಚರ್ಮದ ವಾಸನೆಯನ್ನು ಅದು ದೂರದಿಂದಲೇ ಹಿಡಿಯುತ್ತದೆ. ಬಿಳಿಯ ಬೂಷ್ಟು ಕಂಡರೆ ಒಣ ಬಟ್ಟೆಯಿಂದ ಒರೆಸಿ ನೆರಳಿನಲ್ಲಿ ಗಾಳಿಗಿಡಿ. ಬಿಸಿಲಿಗಿಡಬೇಡಿ.

ಚರ್ಮಕ್ಕೆ ಕೊಬ್ಬರಿ ಎಣ್ಣೆ ಹಚ್ಚುವ ಸಲಹೆ ನಿಮಗೆ ಖಂಡಿತ ಬರುತ್ತದೆ. ಕೇಳಬೇಡಿ. ಎಣ್ಣೆ ಕುಡಿದ ಚರ್ಮ ಭಾರವಾಗಿ ದನಿ ಸಾಯುತ್ತದೆ, ಒಮ್ಮೆ ಕುಡಿದದ್ದನ್ನು ಹೊರತೆಗೆಯಲು ದಾರಿಯಿಲ್ಲ. ನಿತ್ಯ ನುಡಿಸುವ ಕೈಯ ಪಸೆಯೇ ಅದಕ್ಕೆ ಸಾಕು. ತಲೆಗೆ ಎಣ್ಣೆ ಹಾಕಿದ ಕೈಯನ್ನು ತೊಳೆದು ಒರೆಸಿಕೊಂಡೇ ವಾದ್ಯ ಮುಟ್ಟುವ ರೂಢಿ ಮಗಳಿಗಿರಲಿ. ಎಣ್ಣೆ ಬೇಕಾಗಿರುವುದು ಚರ್ಮಕ್ಕಲ್ಲ, ಬೋಲ್ಟಿಗೆ. ಉಪ್ಪು ಗಾಳಿಯ ಊರಿನಲ್ಲಿ ಕ್ರೋಮ್ ಲೇಪ ಬೇಗ ಚುಕ್ಕೆಗಟ್ಟುತ್ತದೆ. ಪ್ರತಿ ಸಲ ಬೆವರನ್ನು ಒರೆಸಿಡಿ, ಮಳೆಗಾಲದ ಮೊದಲು ಮತ್ತು ಅನಂತರ ಒಂದೊಂದೇ ನಟ್ಟನ್ನು ಬಿಚ್ಚಿ ಮರೆಗೆ ಚಿಟಿಕೆಯಷ್ಟು ಗ್ರೀಸು ಅಥವಾ ವ್ಯಾಸಲೀನ್ ಸವರಿ ಮರಳಿ ಅದೇ ಬಿಗಿಗೆ ತನ್ನಿ. ನಾಲ್ಕನ್ನೂ ಒಟ್ಟಿಗೆ ಬಿಚ್ಚಬಾರದು.

ನುಡಿಸುವ ರೀತಿಯೂ ವಾದ್ಯದ ಆರೈಕೆಗೆ ಸೇರಿದ್ದೇ. ತಬಲಾ ಕಲಿತವಳಿಗೆ ಮೊದಲ ಗೊಂದಲ ಎಡಬಲದ್ದು. ತಬಲಾದಲ್ಲಿ ಎತ್ತರದ ನಾದ ಬಲಗೈಗೆ, ಡಗ್ಗಾ ಎಡಗೈಗೆ. ಬೊಂಗೊದಲ್ಲಿ ಬಲಗೈ ರೂಢಿಯವರು ಮಾಚೊವನ್ನು ಎಡಕ್ಕೂ ಎಂಬ್ರಾವನ್ನು ಬಲಕ್ಕೂ ಇಟ್ಟುಕೊಳ್ಳುತ್ತಾರೆ. ಮಾರ್ತಿಯೊ, ಅಂದರೆ ಸುತ್ತಿಗೆ, ಎಂಬ ಮೂಲ ನಡೆಯಲ್ಲಿ ಎಂಟು ಪೆಟ್ಟುಗಳ ಪೈಕಿ ಬಹುಪಾಲು ಮಾಚೊ ಮೇಲೆಯೇ ಬಿದ್ದು, ನಾಲ್ಕನೆಯ ಮಾತ್ರೆಯಲ್ಲಿ ಬಲಗೈ ಪಕ್ಕಕ್ಕೆ ಸರಿದು ಎಂಬ್ರಾವನ್ನು ತೆರೆದು ಬಾರಿಸುವುದರಿಂದ ಈ ಜೋಡಣೆಯೇ ಕೈಗೆ ಅನುಕೂಲ. ಎರಡನೆಯ ಗೊಂದಲ ಕೂರುವುದರದ್ದು. ಭಾವಗೀತೆಯ ವೇದಿಕೆಯಲ್ಲಿ ಎಲ್ಲರೂ ಜಮಖಾನದ ಮೇಲೆ ಕೂತಿರುವಾಗ ಇವಳೂ ಬೊಂಗೊವನ್ನು ತಬಲಾದಂತೆ ಸಿಂಬಿಯ ಮೇಲೆ ಕೂರಿಸಿಬಿಡುತ್ತಾಳೆ. ತಬಲಾದ ತಳ ಮುಚ್ಚಿದೆ, ಬೊಂಗೊದ್ದು ತೆರೆದಿದೆ. ಸಿಂಬಿಯೋ ನೆಲವೋ ಆ ಬಾಯಿಯನ್ನು ಮುಚ್ಚಿದರೆ ಎಂಬ್ರಾದ ದನಿ ಕಂಬಳಿ ಹೊದ್ದಂತಾಗುತ್ತದೆ. ಕುರ್ಚಿಯಲ್ಲಿ ಕೂತು ಮೊಣಕಾಲುಗಳ ನಡುವೆ ಸ್ವಲ್ಪ ಮುಂದಕ್ಕೆ ಬಾಗಿಸಿ ಹಿಡಿಯುವುದು ಅದರ ಸಹಜ ಭಂಗಿ; ನೆಲದ ಮೇಲೆ ಕೂರಲೇಬೇಕಾದರೆ ತಳ ಗಾಳಿಗೆ ತೆರೆದಿರುವಂತೆ ಮಡಿಲಲ್ಲಿ ಓರೆಯಾಗಿ ಇಟ್ಟುಕೊಳ್ಳಲಿ, ಅಥವಾ ಗಿಡ್ಡ ಸ್ಟ್ಯಾಂಡ್ ಮಾಡಿಸಿ. ಉಂಗುರ, ಬಳೆ ತೆಗೆದಿಟ್ಟು ನುಡಿಸಬೇಕು. ಕೋಲಿನಿಂದ ಬಾರಿಸಲು ತಮ್ಮಂದಿರಿಗೆ, ಗೆಳೆಯರಿಗೆ ಕೊಡಬಾರದು.

ಚರ್ಮ ಹರಿದಾಗ ನಿಮ್ಮ ಊರಿನ ತಬಲಾ ಮಾಡುವವರ ಬಳಿಗೆ ಹೋಗಬಹುದು. ಚರ್ಮದ ಗುಣವನ್ನು ಅವರಷ್ಟು ಬಲ್ಲವರಿಲ್ಲ. ಬೊಂಗೊ ಮುಚ್ಚಿಗೆಯಲ್ಲಿ ಮಾತ್ರ ನೆನೆಸಿದ ಚರ್ಮವನ್ನು ಕಬ್ಬಿಣದ ಬಳೆಗೆ ಸುತ್ತಿ ಮಡಿಸಿ, ಅದರ ಮೇಲೆ ರಿಮ್ಮು ಕೂರಿಸಬೇಕಾಗಿರುವುದರಿಂದ ಹಳೆಯ ಮುಚ್ಚಿಗೆಯನ್ನು ಎಸೆಯದೆ ಬಳೆಯ ಸಮೇತ ಅವರಿಗೆ ಕೊಡಿ. ನೋಡಿದರೆ ಅವರಿಗೆ ಅರ್ಥವಾಗುತ್ತದೆ. ಹೊಸದು ಕೂರಿಸಿದ ಮೇಲೆ ಎರಡು ಮೂರು ದಿನ ನೆರಳಿನಲ್ಲಿ ಒಣಗುವವರೆಗೆ ಒಂದು ಪೆಟ್ಟೂ ಬೀಳಬಾರದು ಎಂಬುದನ್ನು ಮಗಳಿಗೆ ಮೊದಲೇ ಹೇಳಿಡಿ. ಕೊನೆಯದಾಗಿ, ಅಂಗಡಿಯಿಂದ ಹೊರಡುವ ಮೊದಲು ಪೆಟ್ಟಿಗೆಯಲ್ಲಿ ಸ್ಪ್ಯಾನರ್ ಇದೆಯೇ ನೋಡಿಕೊಳ್ಳಿ. ಅದೇ ಅಳತೆಯ ಇನ್ನೊಂದನ್ನು ಹಾರ್ಡ್‌ವೇರ್ ಅಂಗಡಿಯಿಂದ ತಂದು ಚೀಲದ ಹಿಡಿಕೆಗೆ ದಾರದಿಂದ ಕಟ್ಟಿಬಿಡಿ. ಮೊದಲನೆಯದು ಹೇಗೂ ಕಳೆದುಹೋಗುತ್ತದೆ.